ಬತ್ತಿ ಸ್ಟವ್ ಸಿಡಿಯುವುದಿಲ್ಲ

ನಮ್ಮ ಚಿಕ್ಕಮ್ಮನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುವ ಮನೆಗಳು ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ಹನ್ನೊಂದಿದ್ದವು. ಬಸವನಗುಡಿಯಲ್ಲಿ ಐದು, ಮಲ್ಲೇಶ್ವರದಲ್ಲಿ ಮೂರು, ನಮ್ಮ ಚಾಮರಾಜಪೇಟೆಯಲ್ಲೇ ಎರಡು, ಕುಮಾರ ಪಾರ್ಕಿನಲ್ಲಿ ಒಂದು. ಕುಮಾರ ಪಾರ್ಕಿನವರಂತೂ ಅವಳಿಗೋಸ್ಕರವೇ ನಾಯಿ ತಂದು ಕಟ್ಟಿದರೆಂದು ಪ್ರತೀತಿ. ಹಾಗೆಂದು ನಮ್ಮ ಚಿಕ್ಕಮ್ಮ ಕಳ್ಳಿಯಲ್ಲ, ಚಾಡಿಕೋರಳಲ್ಲ, ಹೋದಲ್ಲೆಲ್ಲ ಕಾಯಿಲೆಯ ಕಥೆ ಹೇಳಿ ಕೂತವರ ಪ್ರಾಣ ತೆಗೆಯುವವಳೂ ಅಲ್ಲ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗೃಹವಿಜ್ಞಾನದ ಟೀಚರು! ಅವಳ ತಪ್ಪು ಒಂದೇ. ಯಾರ ಮನೆಗೆ ಹೋದರೂ ನಡುಮನೆಯಲ್ಲಿ ಕೂರದೆ ನೇರ ಅಡಿಗೆಮನೆಗೆ ನುಗ್ಗುತ್ತಿದ್ದಳು. ನುಗ್ಗಿ, ಮನೆಯವರ ಸ್ಟವ್ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನು ಡಾಕ್ಟರು ರೋಗಿಯನ್ನು ನೋಡುವ ಹಾಗೆ ನೋಡುತ್ತಿದ್ದಳು.

ಅವಳು ನಮ್ಮಮ್ಮನ ತಂಗಿ. ಮದುವೆಯಾಗಿರಲಿಲ್ಲ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆ ಅವಳದು. ಕುಳ್ಳು ಆಳು, ಗಂಜಿ ಹಾಕಿದ ನೂಲಿನ ಸೀರೆ, ಹೆಗಲಲ್ಲಿ ಖಾಕಿ ಬಟ್ಟೆಯ ಚೀಲ. ಬೇರೆ ಹೆಂಗಸರ ಚೀಲದಲ್ಲಿ ಬಾಚಣಿಗೆ, ಕರ್ಚೀಫು, ಕುಂಕುಮದ ಭರಣಿ ಇದ್ದರೆ ಇವಳ ಚೀಲದಲ್ಲಿ ಸ್ಟವ್ ಪಿನ್ನಿನ ಕಟ್ಟು, ನಾಲ್ಕು ವಾಷರು, ಒಂದು ಪುಟ್ಟ ಸ್ಪ್ಯಾನರು. ಒಮ್ಮೆ ಸಿಟಿ ಬಸ್ಸು ಬ್ರೇಕ್ ಹಾಕಿದಾಗ ಚೀಲ ಮಗುಚಿ ಇದೆಲ್ಲ ಕೆಳಗೆ ಹರಡಿತಂತೆ. ಆರಿಸಿಕೊಟ್ಟ ಕಂಡಕ್ಟರು, "ಯಾವ ಗ್ಯಾರೇಜಮ್ಮಾ ನಿಮ್ಮದು?" ಎಂದು ಕೇಳಿದ. "ಗರ್ಲ್ಸ್ ಹೈಸ್ಕೂಲು" ಎಂದಳಂತೆ ಇವಳು.

ಮದುವೆ ಯಾಕಾಗಲಿಲ್ಲ ಎನ್ನುವುದಕ್ಕೆ ನಮ್ಮ ಮನೆತನದಲ್ಲಿ ಒಂದು ಅಧಿಕೃತ ಕಥೆಯಿದೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಅವಳನ್ನು ನೋಡುವುದಕ್ಕೆ ಒಬ್ಬ ಲೆಕ್ಚರರ್ ಹುಡುಗ ತಾಯಿಯೊಂದಿಗೆ ಬಂದಿದ್ದ. ಹಾಡು ಆಯಿತು, ಉಪ್ಪಿಟ್ಟು ಬಂತು. ಹುಡುಗಿಗೆ ಅಡಿಗೆ ಬರುತ್ತದೆಯೇ ಎಂದು ಹುಡುಗನ ತಾಯಿ ಕೇಳಿದರು. ಬರುತ್ತದೆ, ಅವರಿಗೆ ಬರುತ್ತದೆಯೇ ಎಂದು ಚಿಕ್ಕಮ್ಮ ತಿರುಗಿ ಕೇಳಿದಳು. ಅವನಿಗೆ ಯಾಕೆ ಬರಬೇಕು ಎಂದರು ತಾಯಿ. ನನಗೆ ಜ್ವರ ಬಂದ ದಿನ ಯಾರು ಮಾಡುತ್ತಾರೆ ಎಂದಳು ಇವಳು. ನಾನಿಲ್ಲವೇ ಎಂದರು ಅವರು. "ನಿಮಗೂ ಬಂದ್ರೆ?" ಎಂದಳು ಚಿಕ್ಕಮ್ಮ. ಹುಡುಗ ನಕ್ಕನಂತೆ. ತಾಯಿ ನಗಲಿಲ್ಲ. ತಟ್ಟೆಯಲ್ಲಿ ಅರ್ಧ ಉಪ್ಪಿಟ್ಟು ಬಿಟ್ಟು ಮಗನ ಕೈ ಹಿಡಿದು ಎದ್ದರು. ನಮ್ಮ ತಾತ ಸಾಯುವ ತನಕ ವ್ಯರ್ಥವಾದ ಆ ಗೋಡಂಬಿ ಉಪ್ಪಿಟ್ಟಿನ ಬಗ್ಗೆ ಮರುಗಿದರು. ಮಗಳ ಬಗ್ಗೆ ಅಷ್ಟು ಮರುಗಿದ್ದನ್ನು ಯಾರೂ ನೋಡಲಿಲ್ಲ.

ನಾನೂ ಅದೇ ಹೈಸ್ಕೂಲಿನಲ್ಲಿ ಓದಿದವಳು. ಎಪ್ಪತ್ತರ ದಶಕದ ಮಾತು. ಆಗ ನಮ್ಮ ಬೀದಿಯಲ್ಲಿ ಗ್ಯಾಸ್ ಇದ್ದದ್ದು ಒಂದೋ ಎರಡೋ ಮನೆಯಲ್ಲಿ. ಮಿಕ್ಕವರದ್ದೆಲ್ಲ ಸೀಮೆಎಣ್ಣೆಯ ಬದುಕು. ಪಂಪ್ ಸ್ಟವ್ ಹೊತ್ತಿಸುವುದನ್ನು ಚಿಕ್ಕಮ್ಮ ಸಂಧ್ಯಾವಂದನೆಯಷ್ಟು ಶಾಸ್ತ್ರೋಕ್ತವಾಗಿ ಕಲಿಸುತ್ತಿದ್ದಳು. ಸೆರಗು ಸೊಂಟಕ್ಕೆ, ಕಿಟಕಿ ತೆರೆದಿರಬೇಕು, ಎಣ್ಣೆ ಮುಕ್ಕಾಲು ಭಾಗವಷ್ಟೇ. ಕತ್ತಿನವರೆಗೆ ತುಂಬಿಸಿದವಳಿಗೆ ಸೊನ್ನೆ. ಉರಿಯುವ ಸ್ಟವ್‌ಗೆ ಎಣ್ಣೆ ಹಾಕಲು ಹೋದವಳು ಕ್ಲಾಸಿನಿಂದ ಆಚೆ. ಒಂದು ವರ್ಷ ಪ್ರಾಕ್ಟಿಕಲ್ ಪರೀಕ್ಷೆಗೆ ನೈಲಾನ್ ದಾವಣಿ ಉಟ್ಟು ಬಂದ ಹುಡುಗಿಯನ್ನು ಫೇಲು ಮಾಡಿಬಿಟ್ಟಳು! ಹುಡುಗಿಯ ತಂದೆ ಹೆಡ್‌ಮಿಸ್ ಮುಂದೆ ಬಂದು ಕೂಗಾಡಿದರು. ಸಾರು ಚೆನ್ನಾಗಿಯೇ ಮಾಡಿದ್ದಾಳಂತಲ್ಲ, ಬಟ್ಟೆ ನೋಡಿ ಮಾರ್ಕು ಕಳೆಯುವುದುಂಟೆ ಎಂದು ಅವರ ವಾದ. ಬಟ್ಟೆಗೆ ಕಳೆದಿಲ್ಲ ಸಾರ್, ಬೆಂಕಿ ತಾಗಿದ್ರೆ ಅದು ಕರಗಿ ಮೈಗೆ ಅಂಟಿಕೊಳ್ಳತ್ತಲ್ಲ, ಅದಕ್ಕೆ ಕಳೆದಿದೀನಿ ಎಂದಳು ಚಿಕ್ಕಮ್ಮ. ನಾವು ಹುಡುಗಿಯರು ಬಾಗಿಲ ಹಿಂದೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದೆವು. ನಗುವುದಕ್ಕೆ ಏನಾದರೂ ಬೇಕಲ್ಲ ಆ ವಯಸ್ಸಿನಲ್ಲಿ!

ಗಿರಿಜಾ ಅವಳ ಅಚ್ಚುಮೆಚ್ಚಿನ ಶಿಷ್ಯೆ. ನನಗಿಂತ ಎರಡು ವರ್ಷ ಮುಂದಿದ್ದಳು. ಅವಳ ತಂದೆ ಅವೆನ್ಯೂ ರಸ್ತೆಯ ಒಂದು ಕಾಗದದ ಅಂಗಡಿಯಲ್ಲಿ ಗುಮಾಸ್ತರು, ಮೂರು ಹೆಣ್ಣುಮಕ್ಕಳಲ್ಲಿ ಇವಳೇ ದೊಡ್ಡವಳು. ಗಿರಿಜಾ ಪಂಪ್ ಹೊಡೆದರೆ ಜ್ವಾಲೆ ಒಂದೇ ಎತ್ತರಕ್ಕೆ, ನೀಲಿಯಾಗಿ, ಹೂವಿನ ಹಾಗೆ ನಿಲ್ಲುತ್ತಿತ್ತು. ನಾನು ಹೊಡೆದರೆ ಸೂರಿಗೇ ಕಪ್ಪು ಹತ್ತುತ್ತಿತ್ತು. ಅವಳನ್ನು ನೋಡಿ ಕಲಿ ಎಂದು ಚಿಕ್ಕಮ್ಮ ಮನೆಯಲ್ಲೂ ಶಾಲೆಯಲ್ಲೂ ಹೇಳಿ ಹೇಳಿ ನನಗೆ ಗಿರಿಜಾಳನ್ನು ಕಂಡರೆ ಆಗುತ್ತಿರಲಿಲ್ಲ.

ಹತ್ತೊಂಬತ್ತಕ್ಕೇ ಅವಳ ಮದುವೆಯಾಯಿತು. ಬಸವನಗುಡಿಯಲ್ಲಿ ಸ್ವಂತ ಮನೆ, ಹುಡುಗ ಇಂಜಿನಿಯರು, ಮನೆಯವರೆಲ್ಲ ವಿದ್ಯಾವಂತರು, ಸಂಗೀತ ಬಲ್ಲವರು. ಕೇಳಿದ್ದು ಒಂದು ಸ್ಕೂಟರು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಆ ಕಾಲದಲ್ಲಿ ಸ್ಕೂಟರು ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಗಿರಿಜಾಳ ತಂದೆ ಹೆಸರು ಬರೆಸಿದ್ದರು. ಅಳಿಯನ ಮನೆಯವರಿಗೆ ರಸೀತಿಯನ್ನೂ ತೋರಿಸಿದ್ದರು. ಅವರಿಗೆ ಕಾಯುವ ಅಭ್ಯಾಸವಿರಲಿಲ್ಲ ಎಂದು ಕಾಣುತ್ತದೆ. ಸ್ಕೂಟರಿನ ಸರದಿ ಬರುವ ಮೊದಲೇ ಹುಡುಗಿಯ ಸರದಿ ಬಂತು.

ಸ್ಟವ್ ಸಿಡಿಯಿತಂತೆ ಎಂದರು.

ಆ ವರ್ಷಗಳಲ್ಲಿ ನಮ್ಮೂರಿನ ಸ್ಟವ್‌ಗಳಿಗೆ ಬಹಳ ಬುದ್ಧಿಯಿತ್ತು. ಅವು ಮನೆಯ ಯಜಮಾನಿ ಅಡಿಗೆ ಮಾಡುವಾಗ ಸಿಡಿಯುತ್ತಿರಲಿಲ್ಲ, ಮದುವೆಯಾಗದ ಮಗಳು ಮಾಡುವಾಗ ಸಿಡಿಯುತ್ತಿರಲಿಲ್ಲ, ಬಾಣಂತನಕ್ಕೆ ಬಂದ ಮಗಳಿಗೆ ನೀರು ಕಾಯಿಸುವಾಗಲೂ ಸಿಡಿಯುತ್ತಿರಲಿಲ್ಲ. ಹೊರಗಿನಿಂದ ಬಂದ ಹುಡುಗಿಯನ್ನು ಅವು ಹೇಗೋ ಗುರುತು ಹಿಡಿಯುತ್ತಿದ್ದವು. ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತಿತ್ತು, "ಗೃಹಿಣಿ ಸಾವು" ಎಂದು. ಓದಿದವರು ಅಯ್ಯೋ ಎಂದು ಪುಟ ಮಗುಚಿ ಸಿನಿಮಾ ಜಾಹೀರಾತು ನೋಡುತ್ತಿದ್ದರು. ನಾವೂ ಹಾಗೇ ನೋಡಿದವರೇ. ನಮ್ಮ ಬೀದಿಗಳಲ್ಲಿ ಸಂಸ್ಕಾರಕ್ಕೇನೂ ಕೊರತೆಯಿರಲಿಲ್ಲ. ಬೆಳಗಾದರೆ ರಂಗೋಲಿ, ಸಂಜೆಯಾದರೆ ಸಹಸ್ರನಾಮ, ರಾಮನವಮಿಗೆ ಪಾನಕ, ಕಚೇರಿ. ಪಕ್ಕದ ಮನೆಯ ಸೊಸೆಯ ಕೂಗು ಕೇಳಿದರೆ ರೇಡಿಯೋ ಸ್ವಲ್ಪ ಜೋರಾಗಿ ಇಟ್ಟುಕೊಳ್ಳುವಷ್ಟು ಸೂಕ್ಷ್ಮತೆಯೂ ಇತ್ತು.

ಚಿಕ್ಕಮ್ಮ ದುಃಖ ವಿಚಾರಿಸಿಕೊಳ್ಳಲು ಹೋದಳು. ಅಮ್ಮ, ನಾನು ಜೊತೆಗೆ ಹೋಗಿದ್ದೆವು. ನಡುಮನೆಯಲ್ಲಿ ಚಾಪೆ ಹಾಸಿತ್ತು, ಗಿರಿಜಾಳ ಅತ್ತೆ ಗೋಡೆಗೊರಗಿ ಅಳುತ್ತಿದ್ದರು, ಸುತ್ತ ನೆಂಟರು. ಚಿಕ್ಕಮ್ಮ ಚಾಪೆಯ ಮೇಲೆ ಕೂರಲಿಲ್ಲ. ಅವರನ್ನೆಲ್ಲ ದಾಟಿಕೊಂಡು ಅಡಿಗೆಮನೆಗೆ ಹೋದಳು, ಅಲ್ಲಿಂದ ಹಿತ್ತಲಿಗೆ ಹೋದಳು, ವಾಪಸು ಬಂದು ಚಾಪೆಯ ಅಂಚಿನಲ್ಲಿ ನಿಂತಳು.

"ನಿಮ್ಮನೇಲಿರೋದು ಬತ್ತಿ ಸ್ಟವ್" ಎಂದಳು. "ಅದರಲ್ಲಿ ಪಂಪಿಲ್ಲ, ಗಾಳಿ ಒತ್ತಡ ಇಲ್ಲ. ಅದು ಸಿಡಿಯೋದು ಹೇಗೆ?"

ಅಳು ನಿಂತಿತು. ಅದು ಬೇರೆ ಸ್ಟವ್, ಇದು ಆಮೇಲೆ ತಂದದ್ದು ಎಂದರು ಯಾರೋ. ಆ ಸ್ಟವ್ ಎಲ್ಲಿದೆ ಎಂದು ಕೇಳಿದಳು. ಎಸೆದೆವು ಎಂದರು. ಎಲ್ಲಿ ಎಸೆದಿರಿ ಎಂದಳು. ಅದು ಯಾರಿಗೂ ನೆನಪಿರಲಿಲ್ಲ. ಅಡಿಗೆಮನೆಯ ಸೂರಿನಲ್ಲಿ ಒಂದು ಚೂರೂ ಮಸಿಯಿಲ್ಲ, ಹಿತ್ತಲ ಬಚ್ಚಲುಮನೆಗೆ ಮಾತ್ರ ಹೊಸ ಸುಣ್ಣ ಹೊಡೆಸಿದ್ದೀರಿ, ಯಾಕೆ ಎಂದು ಅವಳು ಕೇಳುತ್ತಿರುವಾಗಲೇ ಮನೆಯ ಹಿರಿಯರೊಬ್ಬರು ಎದ್ದು ಬಂದು, ಸೂತಕದ ಮನೆಯಲ್ಲಿ ಹೀಗೆಲ್ಲ ಮಾತಾಡುವವರು ಯಾವ ಸೀಮೆಯ ಟೀಚರು ಎಂದು ಬಾಗಿಲು ತೋರಿಸಿದರು. ಹೊರಗೆ ಬಂದ ಮೇಲೆ ಅಮ್ಮ ಅವಮಾನದಿಂದ ದಾರಿಯುದ್ದಕ್ಕೂ ತಲೆಯೆತ್ತಲಿಲ್ಲ. ನಾನೂ ಎತ್ತಲಿಲ್ಲ. ಬಾಗಿಲು ತೋರಿಸಿದವರೇನೋ ತಲೆಯೆತ್ತಿಕೊಂಡೇ ನಿಂತಿದ್ದರು.

ಮರುದಿನ ಚಿಕ್ಕಮ್ಮ ಶಾಲೆಗೆ ರಜಾ ಹಾಕಿ, ನಮ್ಮ ಮನೆಯ ಪಂಪ್ ಸ್ಟವ್ ಒಂದು ಕೈಯಲ್ಲಿ, ಅಕ್ಕಿಪೇಟೆಯಿಂದ ಹೊಸದಾಗಿ ಕೊಂಡ ಬತ್ತಿ ಸ್ಟವ್ ಇನ್ನೊಂದು ಕೈಯಲ್ಲಿ ಹಿಡಿದು ಪೊಲೀಸ್ ಠಾಣೆಗೆ ಹೋದಳು. ಸಬ್ ಇನ್ಸ್‌ಪೆಕ್ಟರ ಮೇಜಿನ ಮೇಲೆ ಎರಡನ್ನೂ ಹೊತ್ತಿಸಿ ಪಾಠ ಶುರು ಮಾಡಿದಳು. ಇದರಲ್ಲಿ ಒತ್ತಡವಿದೆ, ನಳಿಕೆ ಕಟ್ಟಿಕೊಂಡರೆ ಸಿಡಿಯಬಹುದು. ಇದರಲ್ಲಿ ಒತ್ತಡವಿಲ್ಲ, ಬತ್ತಿ ಸುಮ್ಮನೆ ಎಣ್ಣೆ ಹೀರಿ ಉರಿಯುತ್ತದೆ, ಸಿಡಿಯುವುದಿಲ್ಲ. ಠಾಣೆಯವರೆಲ್ಲ ಸುತ್ತ ನಿಂತು ಕೇಳಿದರಂತೆ. ನಮಗಿಂತ ಒಳ್ಳೆಯ ವಿದ್ಯಾರ್ಥಿಗಳು ಎಂದು ಅವಳೇ ಆಮೇಲೆ ಹೇಳಿದಳು. ಸಬ್ ಇನ್ಸ್‌ಪೆಕ್ಟರು ಕೆಟ್ಟವರೇನಲ್ಲ. ಪಾಠ ಮುಗಿಯುವ ತನಕ ಕಾದು, ಸಿಡಿಯಿತೆಂದು ಮನೆಯವರು ಬರೆದುಕೊಟ್ಟಿದ್ದಾರೆ, ಹುಡುಗಿಯೂ ಆಸ್ಪತ್ರೆಯಲ್ಲಿ ಹಾಗೇ ಹೇಳಿ ಸತ್ತಿದ್ದಾಳೆ, ಇನ್ನು ನಾನೇನು ಮಾಡಲಿ ತಾಯಿ ಎಂದರು.

"ಹೇಳೋವಾಗ ಮಂಚದ ಪಕ್ಕ ಯಾರು ನಿಂತಿದ್ರು?" ಎಂದು ಕೇಳಿದಳು ಚಿಕ್ಕಮ್ಮ.

ಅವರು ಕಾನ್‌ಸ್ಟೇಬಲ್ಲನ್ನು ಕರೆದು ಟೀಚರಿಗೆ ಟೀ ತರಿಸಿದರು. ಸಂಜೆ ಅವಳು ಮನೆಗೆ ಬಂದಾಗ ಕೈಯಲ್ಲಿ ಒಂದೇ ಸ್ಟವ್ ಇತ್ತು. ಬತ್ತಿ ಸ್ಟವ್ ಎಲ್ಲಿ, ಸಾಕ್ಷಿಗೆ ಇಟ್ಟುಕೊಂಡರೇ ಎಂದು ಅಪ್ಪ ಕೇಳಿದರು. "ಇಲ್ಲ ಭಾವ, ಟೀಗೆ" ಎಂದಳು.

ಅದಾದ ಎರಡು ದಿನಕ್ಕೆ ಗಿರಿಜಾಳ ತಂದೆ ನಮ್ಮ ಮನೆಗೆ ಬಂದರು. ಕೂರಲಿಲ್ಲ, ಚಪ್ಪಲಿಯನ್ನೂ ಬಿಡಲಿಲ್ಲ. ಜಗಲಿಯ ಕಂಬ ಹಿಡಿದು ನಿಂತರು. ಅವರಿಂದಲಾದರೂ ಒಂದು ದೂರು ಬರೆಸಬೇಕೆಂದು ಚಿಕ್ಕಮ್ಮ ಕಾಗದ, ಪೆನ್ನು ತಂದಿಟ್ಟುಕೊಂಡಳು. ಅವರು ಕೈಮುಗಿದರು.

"ಟೀಚರ್, ಇದನ್ನ ಇಲ್ಲಿಗೆ ಬಿಟ್ಬಿಡಿ. ನಂಗೆ ಇನ್ನೂ ಇಬ್ಬರು ಇದಾರೆ."

ಅವರು ಹೋದರು. ಚಿಕ್ಕಮ್ಮ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಆಮೇಲೆ ಅಮ್ಮನಿಗೆ ಒಂದೇ ಮಾತು ಹೇಳಿದಳು. "ನಾನು ಅವಳಿಗೆ ಸ್ಟವ್ ಹಚ್ಚೋದು ಕಲಿಸ್ದೆ ಅಕ್ಕ. ಬಾಗಿಲು ತೆಗೆದು ಆಚೆಗೆ ಬರೋದು ಕಲಿಸ್ಲಿಲ್ಲ."

ಮರುವರ್ಷ ಸ್ಕೂಟರು ಬಂತು. ಅದು ಎರಡನೆಯ ಅಳಿಯನಿಗೆ ಹೋಯಿತು. ಇಂಜಿನಿಯರಿಗೂ ಬೇರೆ ಮದುವೆಯಾಯಿತು. ಅಂಥ ಒಳ್ಳೆಯ ಮನೆತನಕ್ಕೆ ಹೆಣ್ಣು ಸಿಗುವುದು ಕಷ್ಟವೇ? ಆರತಕ್ಷತೆಗೆ ಚಿಕ್ಕಮ್ಮ ಕರೆಯದಿದ್ದರೂ ಹೋಗಿದ್ದಳು. ಸಾಲಿನಲ್ಲಿ ನಿಂತು ವೇದಿಕೆ ಹತ್ತಿ, ಮದುಮಗಳ ಕೈಗೆ ನಮ್ಮ ಮನೆಯ ವಿಳಾಸ ಬರೆದ ಚೀಟಿ ಕೊಟ್ಟು, "ಎರಡನೇ ಶನಿವಾರ ಬರ್ತೀನಿ" ಎಂದು ಹೇಳಿ, ಊಟ ಮಾಡದೆ ಬಂದಳು.

ಎರಡನೇ ಶನಿವಾರ ಶಾಲೆಗೆ ರಜಾ. ಆ ತಿಂಗಳಿಂದ ಅವಳ ಸವಾರಿ ಶುರುವಾಯಿತು. ಹಳೆಯ ವಿದ್ಯಾರ್ಥಿನಿಯರು ಯಾರು ಯಾರು ಎಲ್ಲಿಗೆ ಮದುವೆಯಾಗಿ ಹೋಗಿದ್ದಾರೆಂದು ವಿಚಾರಿಸಿ, ಬಸ್ಸು ಹಿಡಿದು ಹೋಗುವಳು. ನಿಮ್ಮ ಸೊಸೆಯ ಟೀಚರು ಎನ್ನುವಳು. ಅವರು ಬನ್ನಿ ಕೂತ್ಕೊಳ್ಳಿ ಎನ್ನುವಷ್ಟರಲ್ಲಿ ಅಡಿಗೆಮನೆಯಲ್ಲಿರುವಳು. ಸ್ಟವ್ ತಿರುವಿ ನೋಡುವಳು, ವಾಷರು ಹಳೆಯದಾಗಿದ್ದರೆ ಬದಲಾಯಿಸುವಳು, ಪಿನ್ನು ಚುಚ್ಚಿ ಸ್ವಚ್ಛ ಮಾಡುವಳು. ಸ್ಟವ್ ಒಂದು ನೆಪ. ಆ ಹತ್ತು ನಿಮಿಷದಲ್ಲಿ ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು, ಹೇಗಿದೀಯ ಎಂದು ಕೇಳುವಳು. ಹಾಗೆ ಕೇಳುವಾಗ ಮುಖ ನೋಡುತ್ತಿರಲಿಲ್ಲ, ಮೊಣಕೈ ನೋಡುತ್ತಿದ್ದಳು, ಕತ್ತು ನೋಡುತ್ತಿದ್ದಳು. ಕುಮಾರ ಪಾರ್ಕಿನಲ್ಲಿ ಒಬ್ಬಳ ಮಾವ, ರಿಟೈರಾದ ದೊಡ್ಡ ಅಧಿಕಾರಿ, ಇದೇನು ಇನ್ಸ್‌ಪೆಕ್ಷನ್ನೇ ಎಂದು ಗದರಿದರಂತೆ. ಹೌದು ಎಂದಳಂತೆ. ನಾಯಿ ಬಂದದ್ದು ಆಮೇಲೆಯೇ.

ಅವಳ ಲೆಕ್ಕ ತಪ್ಪಿದ್ದೂ ಉಂಟು. ಬಸವನಗುಡಿಯ ಒಂದು ಮನೆಯಲ್ಲಿ ಅತ್ತೆ ಸೊಸೆಯನ್ನು ಹೊಟ್ಟೆಯಲ್ಲಿ ಹುಟ್ಟಿದವಳ ಹಾಗೆ ನೋಡಿಕೊಳ್ಳುತ್ತಿದ್ದರು. ಚಿಕ್ಕಮ್ಮ ಅಲ್ಲಿಗೂ ಹೋಗಿ, ಸೊಸೆಯ ಕೈಮೇಲಿದ್ದ ಬೊಬ್ಬೆ ಕಂಡು ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ ಪ್ರಶ್ನೆ ಕೇಳಿದಳು. ಅದು ಹೋಳಿಗೆ ಬೇಯಿಸುವಾಗ ಕಾವಲಿ ತಾಗಿದ್ದು. ಪಾಪ, ಆ ಅತ್ತೆ ನಾಲ್ಕು ದಿನ ಊಟ ಬಿಟ್ಟು ಅತ್ತರಂತೆ, ಹುಡುಗಿ ನಮ್ಮ ಮನೆಗೆ ಬಂದು ಜಗಳ ಮಾಡಿ ಹೋದಳು. ಚಿಕ್ಕಮ್ಮನಿಗೆ ನಿಜವಾಗಿ ನಾಚಿಕೆಯಾಯಿತು. ಕೋಡುಬಳೆ ಕರಿದು ಡಬ್ಬಿಯಲ್ಲಿ ತುಂಬಿಕೊಂಡು ಹೋಗಿ ಆ ತಾಯಿಯ ಕೈ ಹಿಡಿದು ತಪ್ಪಾಯಿತೆಂದು ಕೇಳಿಕೊಂಡಳು. ಬರುವಾಗ ಒಂದು ಸಲ ಸ್ಟವ್ ನೋಡಿಕೊಂಡು ಬಂದಳು.

ನಗಬೇಡಿ. ಒಬ್ಬಳು ಬಂದಳು. ಮಳೆಗಾಲದ ಒಂದು ಮಧ್ಯಾಹ್ನ, ವಯರಿನ ಬುಟ್ಟಿಯಲ್ಲಿ ಎರಡು ಸೀರೆ ಇಟ್ಟುಕೊಂಡು, ಮಡಿಕೆ ಮಡಿಕೆಯಾಗಿ ಸವೆದ ಚೀಟಿಯಲ್ಲಿ ವಿಳಾಸ ಓದಿಕೊಳ್ಳುತ್ತ ನಮ್ಮ ಮನೆಯ ಮುಂದೆ ನಿಂತಳು. ಇಂಜಿನಿಯರ ಎರಡನೆಯ ಹೆಂಡತಿ. ಐದು ತಿಂಗಳು ಚಿಕ್ಕಮ್ಮನ ಕೋಣೆಯಲ್ಲಿದ್ದಳು, ಟೀಚರ್ ಟ್ರೈನಿಂಗಿಗೆ ಸೇರಿದಳು, ಆಮೇಲೆ ಹಾಸ್ಟೆಲಿಗೆ ಹೋದಳು. ಅವಳಿದ್ದಷ್ಟು ದಿನ ಅಪ್ಪ, ಇದೇನು ಮನೆಯೋ ಛತ್ರವೋ ಎಂದು ಅಮ್ಮನಿಗೆ ಕೇಳುವ ಹಾಗೆ ಗೊಣಗುತ್ತಿದ್ದರು. ಛತ್ರದಲ್ಲಿ ಮದುವೆ ಶುರುವಾಗತ್ತೆ ಭಾವ, ಇಲ್ಲಿ ಮುಗಿಯತ್ತೆ ಎಂದಳು ಚಿಕ್ಕಮ್ಮ. ಬೀದಿಯವರು ಆ ಹುಡುಗಿಯ ಬಗ್ಗೆ ಏನೆಂದರು? ಸಂಸಾರ ಮಾಡಲಾರದೆ ಓಡಿಬಂದವಳು ಎಂದರು. ಸತ್ತ ಗಿರಿಜಾಳ ಬಗ್ಗೆ ಎಲ್ಲರೂ ಒಳ್ಳೆಯದನ್ನೇ ಆಡುತ್ತಿದ್ದರು. ಬದುಕಿದ್ದು ಮಾತ್ರ ಇವಳ ತಪ್ಪಾಯಿತು.

ಅಷ್ಟರಲ್ಲಿ ಮನೆಮನೆಗೆ ಗ್ಯಾಸ್ ಬರತೊಡಗಿತು. ಇನ್ನು ನಿನಗೆ ಕೆಲಸವಿಲ್ಲ ಬಿಡು, ಸ್ಟವ್‌ಗಳ ಕಾಲ ಮುಗಿಯಿತು ಎಂದು ಅಪ್ಪ ಅವಳನ್ನು ಛೇಡಿಸಿದರು. ಗ್ಯಾಸ್ ಬಂದ ಮನೆಯಲ್ಲೂ ಸೀಮೆಎಣ್ಣೆ ಡಬ್ಬ ಯಾಕೆ ತುಂಬಿಟ್ಟಿರುತ್ತಾರೆ ಎಂದು ಅವಳು ಕೇಳಿದಳು. ಸಿಲಿಂಡರು ಖಾಲಿಯಾದರೆ ಬೇಕಲ್ಲ ಎಂದರು ಅಪ್ಪ. ಚಿಕ್ಕಮ್ಮ ಚೀಲ ಹೆಗಲಿಗೇರಿಸಿ ಹೊರಟಳು.

ಈಗ ನನ್ನ ಸರದಿ. ಎಂಬತ್ತರ ದಶಕ ಹುಟ್ಟಿ ಒಂದೆರಡು ವರ್ಷವಾಗಿತ್ತು, ಅಪ್ಪ ನನಗೆ ಗಂಡು ನೋಡತೊಡಗಿದ್ದರು. ಜಾತಕ ಕೂಡಿಬರುತ್ತಿತ್ತು, ನನ್ನ ಬಣ್ಣವನ್ನೂ ಒಪ್ಪುತ್ತಿದ್ದರು, ಕೊನೆಗೆ ಯಾರಾದರೊಬ್ಬರು, ಆ ಸ್ಟವ್ ಟೀಚರು ನಿಮ್ಮ ಕಡೆಯವರಂತೆ ಹೌದೇ ಎಂದು ಕೇಳುತ್ತಿದ್ದರು. ಅಲ್ಲಿಗೆ ಸಂಬಂಧ ಮುರಿಯುತ್ತಿತ್ತು. ಮರ್ಯಾದಸ್ಥರು ಸ್ಟವ್ ಟೀಚರಿಗೆ ಯಾಕಿಷ್ಟು ಹೆದರಬೇಕು ಎಂದು ನಾವು ಯಾರೂ ಕೇಳಿಕೊಳ್ಳಲಿಲ್ಲ. ನಮಗೆ ಕೋಪ ಬಂದದ್ದು ಟೀಚರ ಮೇಲೆ! ಮೂರು ಸಂಬಂಧ ಹೀಗೆ ಹೋದ ಮೇಲೆ, ನಾಲ್ಕನೆಯವರು ಮಲ್ಲೇಶ್ವರದಿಂದ ಬಂದು ಅದೇ ಪ್ರಶ್ನೆ ಕೇಳಿದಾಗ ಅಪ್ಪ, "ದೂರದ ಸಂಬಂಧ. ಇಲ್ಲಿ ಬಾಡಿಗೆಗೆ ಇದಾರೆ" ಎಂದುಬಿಟ್ಟರು. ನಡುಮನೆಗೂ ಮುಂದಿನ ಕೋಣೆಗೂ ನಡುವೆ ಒಂದು ಪರದೆ ಅಷ್ಟೇ. ಪರದೆಯ ಆಚೆ ಚಿಕ್ಕಮ್ಮ ಪರೀಕ್ಷೆಯ ಪೇಪರು ತಿದ್ದುತ್ತಿದ್ದಳು. ನಾನು ಕಾಫಿ ತಟ್ಟೆ ಹಿಡಿದು ನಿಂತಿದ್ದೆ. ಅಪ್ಪ ಹೇಳಿದ್ದು ಸುಳ್ಳು ಎನ್ನುವುದಕ್ಕೆ ನನಗೂ ಬಾಯಿತ್ತು. ಕಾಫಿ ಕೊಟ್ಟೆ.

ಮದುವೆಯ ದಿನ ಅವಳು ಹಿಂದಿನ ಸಾಲಿನ ಕುರ್ಚಿಯಲ್ಲಿ ಬಾಡಿಗೆಯವರ ಹಾಗೆಯೇ ಕೂತಿದ್ದು, ಅಕ್ಷತೆ ಹಾಕಿ, ಊಟ ಮಾಡಿ ಹೋದಳು.

ಅದಾದ ಮೇಲೆ ಬಂದ ಎರಡನೇ ಶನಿವಾರವೇ ಮಲ್ಲೇಶ್ವರಕ್ಕೆ ಬಂದಳು. ನಮ್ಮ ಮಾವನವರು ವರಾಂಡದಲ್ಲಿ ಪೇಪರು ಓದುತ್ತ ಕೂತಿದ್ದರು. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು, ಮಿತಭಾಷಿ, ಊರಿನಲ್ಲೆಲ್ಲ ದೊಡ್ಡ ಹೆಸರು. ಅತ್ತೆ ಅವರಿಗಿಂತಲೂ ಕಡಿಮೆ ಮಾತಿನವರು. ಸೊಸೆಯ ಜೊತೆ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಚಿಕ್ಕಮ್ಮ ಎಂದಿನಂತೆ ಅಡಿಗೆಮನೆಗೆ ನುಗ್ಗಿದಳು. ಅಲ್ಲಿ ಗ್ಯಾಸ್ ಇತ್ತು. ಗ್ಯಾಸಿನ ಟ್ಯೂಬನ್ನು ಬಗ್ಗಿ ನೋಡಿದಳು, ಮೂಲೆಯ ಸೀಮೆಎಣ್ಣೆ ಡಬ್ಬ ಅಲ್ಲಾಡಿಸಿದಳು, ನನ್ನನ್ನು ಹೊರಗೆ ಕಳಿಸಿ ಅತ್ತೆಯ ಜೊತೆ ಐದು ನಿಮಿಷ ಅದೇನೋ ಮಾತಾಡಿ ಬಂದಳು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮುಂದಿನ ತಿಂಗಳೂ ಬಂದಳು, ಅದರ ಮುಂದಿನ ತಿಂಗಳೂ ಬಂದಳು. ನನ್ನ ಗಂಡ ಒಳ್ಳೆಯವರು, ನಗುತ್ತಲೇ, ಫೈರ್ ಎಂಜಿನ್ನು ಇವತ್ತು ಎಷ್ಟು ಗಂಟೆಗೆ ಎಂದು ಕೇಳುತ್ತಿದ್ದರು. ಒಂದು ದಿನ ಮಾವನವರು ಪೇಪರಿನಿಂದ ತಲೆಯೆತ್ತದೆ, ನಿಮ್ಮ ಮನೆಯ ಬಾಡಿಗೆಯವರಿಗೆ ನಮ್ಮ ಮನೆಯಲ್ಲೇನು ಕೆಲಸ ಎಂದರು.

ಆವತ್ತು ಅವಳನ್ನು ಸಂಪಿಗೆ ರಸ್ತೆಯ ಬಸ್ ಸ್ಟಾಪಿನ ತನಕ ಬಿಟ್ಟುಬರಲು ಹೋದೆ. ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಿದ್ದ ಮಾತುಗಳನ್ನೆಲ್ಲ ಅಲ್ಲಿ ಆಡಿದೆ. ಇನ್ನು ಬರಬೇಡ, ಇದು ಗಿರಿಜಾಳ ಮನೆಯಲ್ಲ, ನಿನ್ನ ಹುಚ್ಚಿಗೆ ನನ್ನ ಮದುವೆಯೇ ತಪ್ಪುತ್ತಿತ್ತು, ಈಗ ಮರ್ಯಾದೆಯೂ ಹೋಗುತ್ತಿದೆ ಎಂದೆ. ಅವಳು ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡಳು.

"ನೀನು ಚೆನ್ನಾಗಿದೀಯ ತಾನೆ?"

"ಚೆನ್ನಾಗೇ ಇದೀನಿ."

"ಹಾಗಾದ್ರೆ ಬರಲ್ಲ" ಎಂದಳು. ಬಸ್ಸು ಬಂತು, ಹತ್ತಿ ಹೋದಳು. ಕಿಟಕಿಯಿಂದ ಕೈ ಬೀಸಲಿಲ್ಲ. ನಾನೂ ನಿಂತು ನೋಡಲಿಲ್ಲ.

ಹೇಳಿದ ಮಾತಿನಂತೆ ನಾಲ್ಕು ತಿಂಗಳು ಬರಲಿಲ್ಲ. ಮನೆಯಲ್ಲಿ ನೆಮ್ಮದಿಯಾಗಿತ್ತು. ಮಾವನವರು ಪೇಪರು ಓದಿದರು, ನಾನು ಅವರೆಕಾಯಿ ಬಿಡಿಸಿದೆ, ಯಾರೂ ಅವಳ ಹೆಸರೆತ್ತಲಿಲ್ಲ. ಒಂದು ಬೆಳಿಗ್ಗೆ ಅಡಿಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದ ಅತ್ತೆ ಈಳಿಗೆಮಣೆಯಿಂದ ತಲೆಯೆತ್ತದೆ, ನಿಮ್ಮ ಚಿಕ್ಕಮ್ಮ ಯಾಕೆ ಬರುತ್ತಿಲ್ಲ ಎಂದು ಕೇಳಿದರು. ಅವಳು ಚಿಕ್ಕಮ್ಮ ಎಂದು ಅವರಿಗೆ ಯಾರು ಹೇಳಿದರೋ! ನಾನು ಏನೋ ತೊದಲಿದೆ. ಕೊನೆಗೆ, ನಾನೇ ಬರಬೇಡವೆಂದೆ, ನಿಮಗೆಲ್ಲ ತೊಂದರೆಯಾಗುತ್ತಿತ್ತಲ್ಲ ಎಂದೆ.

ಅತ್ತೆ ಕಾಯಿ ಹೆಚ್ಚುವುದನ್ನು ನಿಲ್ಲಿಸಿದರು.

"ಮೊದಲನೇ ದಿನ ಬಂದಾಗ ನಿನ್ನ ಆಚೆ ಕಳಿಸಿದ್ರಲ್ಲ, ಅವತ್ತು ಅವರು ನನ್ನ ಕೇಳಿದ್ರು. ನೀವು ಈ ಮನೇಲಿ ಹೇಗಿದೀರಿ ಅಂತ. ಮೂವತ್ತೆಂಟು ವರ್ಷ ಆಯ್ತು ನಾನು ಇಲ್ಲಿಗೆ ಬಂದು. ನಮ್ಮಪ್ಪ ಕೇಳ್ಲಿಲ್ಲ, ಅಣ್ಣಂದಿರು ಕೇಳ್ಲಿಲ್ಲ." ಹೆಚ್ಚಿದ ಹೋಳುಗಳನ್ನು ಬೆರಳಿನಿಂದ ಒಂದು ಕಡೆ ಒಟ್ಟು ಮಾಡಿದರು. "ಚೆನ್ನಾಗಿದೀನಿ ಅಂದೆ. ಸುಳ್ಳು ಹೇಳ್ದೆ."

ವರಾಂಡದಲ್ಲಿ ಪೇಪರಿನ ಪುಟ ಮಗುಚಿದ ಸದ್ದಾಯಿತು. ಅತ್ತೆ ಧ್ವನಿ ತಗ್ಗಿಸಿದರು.

"ಅವರು ಗುರುವಾರ ಮೈಸೂರಿಗೆ ಹೋಗ್ತಾರೆ. ಅವತ್ತು ನಿಮ್ಮ ಚಿಕ್ಕಮ್ಮನ್ನ ಕರ್ಕೊಂಡು ಬಾ."

ಗುರುವಾರ ಬೆಳಿಗ್ಗೆ ನಾನು ಚಾಮರಾಜಪೇಟೆಗೆ ಹೋದೆ. ಚಿಕ್ಕಮ್ಮ ಶಾಲೆಗೆ ಹೊರಟು ನಿಂತಿದ್ದಳು. ಅತ್ತೆ ಕರೆಯುತ್ತಿದ್ದಾರೆ ಎಂದೆ. ಯಾಕೆ ಎಂದು ಕೇಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಪಕ್ಕದ ಮನೆಯ ಹುಡುಗಿಯ ಕೈಯಲ್ಲಿ ರಜಾಚೀಟಿ ಕಳಿಸಿ ನನ್ನ ಜೊತೆ ಹೊರಟಳು. ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತೆವು. ಕ್ಷಮಿಸು ಎನ್ನಬೇಕೆಂದು ನಾನು ಬಾಯಿ ತೆರೆದಾಗಲೆಲ್ಲ ಯಾವುದೋ ಸ್ಟಾಪು ಬರುತ್ತಿತ್ತು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಇಬ್ಬರೂ ಅಡಿಗೆಮನೆಗೆ ಹೋದರು. ಬಾಗಿಲು ಹಾಕಿಕೊಂಡಿತು. ನಾನು ನಡುಮನೆಯಲ್ಲಿ ಕೂತೆ. ಒಳಗಿನಿಂದ ಒಬ್ಬರೇ ಮಾತಾಡುತ್ತಿರುವ ಸದ್ದು ಬರುತ್ತಿತ್ತು. ಪದ ಕೇಳಿಸುತ್ತಿರಲಿಲ್ಲ. ಹತ್ತು ಮಾತಿನ ನಮ್ಮ ಅತ್ತೆ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಏನು ಹೇಳಿದರು ಎಂದು ಚಿಕ್ಕಮ್ಮ ನನಗೆ ಸಾಯುವ ತನಕ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಆಮೇಲೆ ಸದ್ದು ನಿಂತಿತು. ಇನ್ನೂ ಸ್ವಲ್ಪ ಹೊತ್ತು ಕಾದು, ಹೆದರಿಕೆಯಾಗಿ, ನಾನು ಮೆಲ್ಲಗೆ ಬಾಗಿಲು ತಳ್ಳಿದೆ.

ನಮ್ಮ ಅತ್ತೆ ಕಾಲು ಚಾಚಿ ಗೋಡೆಗೆ ಒರಗಿ ಕೂತಿದ್ದರು. ಅಳು ನಿಂತು ಮುಖ ಊದಿಕೊಂಡಿತ್ತು. ಮುಂದೆ ಎಲೆ ಹಾಕಿತ್ತು. ಆ ಮನೆಗೆ ಬಂದಂದಿನಿಂದ ಎಲ್ಲರ ಊಟವಾದ ಮೇಲೆ ಪಾತ್ರೆಯ ತಳದಲ್ಲಿದ್ದುದನ್ನು ಒಲೆಯ ಪಕ್ಕ ನಿಂತೇ ಉಂಡು ಮುಗಿಸುತ್ತಿದ್ದವರು ಅವರು. ಅವರು ಕೂತು ಊಟ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎಲೆಯ ಎದುರಿಗೆ ಬಗ್ಗಿ, ಬಿಸಿ ಅನ್ನಕ್ಕೆ ತುಪ್ಪ ಹಾಕುತ್ತಿದ್ದಳು. ಸಾಕು ಎಂದು ಅತ್ತೆ ಕೈ ಅಡ್ಡ ಹಿಡಿದರು. ಚಿಕ್ಕಮ್ಮ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಇನ್ನೊಂದು ಮಿಳ್ಳೆ ಹಾಕಿದಳು.

ನನ್ನನ್ನು ಕಂಡು, "ನಿಂತ್ಕೋಬೇಡ. ನಿಮ್ಮತ್ತೆಗೆ ನೀರು ತಂದಿಡು" ಎಂದಳು.